ಸಂಸೆಯವಳೊಡನೆ ಹನೋಯ್ ನೋಡಿದ್ದು

ನನ್ನ ಈ ಗೆಳತಿಯನ್ನು ವಿದೇಶಕ್ಕೆ ಕರೆದುಕೊಂಡು ಹೋಗುವುದಕ್ಕಿಂತ ವಿದೇಶವನ್ನೇ ಅವಳ ಊರು ಸಂಸೆಗೆ ಕರೆದುಕೊಂಡು ಬರುವುದು ಸುಲಭ! ಇದು ಉತ್ಪ್ರೇಕ್ಷೆ ಅನ್ನಿಸಿದರೆ ನೀವೇ ಅವಳ ಜೊತೆ ಒಂದು ದಿನ ಎಲ್ಲಿಗಾದರೂ ಹೋಗಿ ಬನ್ನಿ. ನಾನು ಐದು ದಿನ ವಿಯೆಟ್ನಾಮಿನ ಹನೋಯ್ ನಗರಕ್ಕೆ ಹೋಗಿ ಬಂದವಳು. ನಾವು ಹನೋಯ್ ನೋಡಿದ್ದು ಕಡಿಮೆ, ಹನೋಯ್ ಜನ ಇವಳನ್ನು ನೋಡಿದ್ದೇ ಹೆಚ್ಚು.

ಹೆಸರು ಹೇಳುವುದಿಲ್ಲ. ಹೇಳಿದರೆ ಮಾರನೇ ದಿನವೇ ಫೋನ್ ಬರುತ್ತದೆ, "ಎಂತದೇ, ನನ್ನ ಮರ್ಯಾದೆ ತೆಗಿಯಕ್ಕೆ ನಿಂಗೆ ಬೇರೆ ಜಾಗ ಸಿಗ್ಲಿಲ್ವಾ?" ಅಂತ. ಹಾಗೆ ಬೈಸಿಕೊಳ್ಳುವುದಕ್ಕಾದರೂ ಹೆಸರು ಹಾಕಿಬಿಡೋಣವೇ ಎಂದು ಬರೆಯುವಾಗ ಎರಡು ಸಲ ಅನ್ನಿಸಿತು. ಅವಳ ಕೈಲಿ ಬೈಸಿಕೊಂಡು ಬಹಳ ದಿನವಾಯಿತು.

ಮೂಡಿಗೆರೆಯ ಕಾಲೇಜಿನಲ್ಲಿ ನಾನು, ಇವಳು, ಸ್ಮಿತಾ ಮೂರು ವರ್ಷ ಒಂದೇ ಬೆಂಚಿನಲ್ಲಿ ಕೂತವರು. ಸ್ಮಿತಾ ಮೂಡಿಗೆರೆ ಪೇಟೆಯವಳು. ನಾನು ಕೊಟ್ಟಿಗೆಹಾರದವಳು, ಚಾರ್ಮಾಡಿ ಘಾಟಿ ಇಳಿಯುವವರಿಗೆಲ್ಲ ನೀರುದೋಸೆ ಹಾಕಿಕೊಡುವ ಸಣ್ಣ ಹೋಟೆಲು ನಮ್ಮಪ್ಪನದು. ಇವಳು ಕಳಸದಿಂದಲೂ ಆಚೆ, ಸಂಸೆಯ ಹತ್ತಿರದ ಒಂದು ಕಾಫಿ ಎಸ್ಟೇಟಿನ ಆಳುಗಳ ಲೈನು ಮನೆಯವಳು. ಅವಳ ಅಮ್ಮ ಅದೇ ತೋಟದಲ್ಲಿ ಕೆಲಸ ಮಾಡುತ್ತಾರೆ. ಇಂಥ ನಮಗೆ ವಿದೇಶ ಎಲ್ಲಿಂದ ಬಂತು ಅಂತೀರಾ? ಸ್ಮಿತಾಳ ಚಿಕ್ಕಪ್ಪ ಚಿಕ್ಕಮಗಳೂರಿನಲ್ಲಿ ಟ್ರಾವೆಲ್ಸ್ ಇಟ್ಟಿದ್ದಾರೆ. ಯಾವುದೋ ಮದುವೆಯ ಪಂಕ್ತಿಯಲ್ಲಿ, ಹೋಳಿಗೆ ಎರಡನೇ ಸಲ ಬಂದ ಖುಷಿಗೆ, "ನೀವು ಮೂರೂ ಜನ ಡಿಗ್ರಿ ಮುಗ್ಸಿ, ಫಾರಿನ್ ತೋರಿಸ್ತೀನಿ" ಅಂದುಬಿಟ್ಟರು. ಇವಳು ಎಲೆಯ ಮುಂದೆಯೇ ಎದ್ದು ನಿಂತು, "ಎಲ್ರೂ ಕೇಳಿಸ್ಕಂಡ್ರಲ್ಲ?" ಎಂದು ಇಡೀ ಪಂಕ್ತಿಯನ್ನು ಸಾಕ್ಷಿ ಮಾಡಿಕೊಂಡಳು. ಪಾಪ, ಆಮೇಲೆ ಆ ಮನುಷ್ಯನಿಗೆ ತಪ್ಪಿಸಿಕೊಳ್ಳುವ ದಾರಿಯೇ ಇರಲಿಲ್ಲ.

ಈ ಪ್ರವಾಸದಲ್ಲಿ ನನ್ನದೊಂದು ಬೇರೆಯೇ ಸಂಚಿತ್ತು. ಡಿಗ್ರಿ ಮುಗಿದ ಮೇಲೆ ಮೈಸೂರಿನಲ್ಲಿ ಎಂ.ಎಸ್ಸಿ. ಮಾಡುವುದು, ನಾನೂ ಇವಳೂ ಒಂದೇ ಹಾಸ್ಟೆಲಿನ ಒಂದೇ ರೂಮಿನಲ್ಲಿ ಇರುವುದು ಎಂದು ಎರಡನೇ ವರ್ಷದಲ್ಲೇ ತೀರ್ಮಾನವಾಗಿತ್ತು. ಅವಳ ಪರವಾಗಿಯೂ ನಾನೇ ತೀರ್ಮಾನಿಸಿದ್ದೆ, ಆ ಮಾತು ಬೇರೆ. ಅರ್ಜಿ ಹಾಕಲು ಕಡೆಯ ದಿನ ನಾವು ಊರಿಗೆ ಮರಳಿದ ಮಾರನೇ ದಿನ. ಇವಳು ಹೂಂ ಅಂದಿರಲಿಲ್ಲ, ಉಹೂಂ ಅಂತಲೂ ಅಂದಿರಲಿಲ್ಲ. "ನೀನು ಬರದಿದ್ರೆ ನಾನೂ ಅರ್ಜಿ ಹಾಕಲ್ಲ" ಎಂದು ಬೆದರಿಕೆ ಹಾಕಿಯೂ ನೋಡಿದ್ದೆ. ಅದು ಬರಿಯ ಬೆದರಿಕೆಯಾಗಿರಲಿಲ್ಲ, ನಿಜವಾಗಿಯೂ ನನಗೆ ಒಬ್ಬಳೇ ಹೋಗಿ ಪರ ಊರಿನಲ್ಲಿ ಇರಲು ಹೆದರಿಕೆ. ಐದು ದಿನ ಒಟ್ಟಿಗೇ ಇರುತ್ತೇವಲ್ಲ, ಎಲ್ಲಾದರೂ ಒಂದು ಕಡೆ ಕೂರಿಸಿ ಕೇಳಿಯೇಬಿಡೋಣ ಅಂದುಕೊಂಡೆ. ಕೂರಿಸುವುದಂತೆ! ಅವಳನ್ನಂತೆ!

ಕಳಸದ ಕಡೆಯ ಬಸ್ಸು ಹತ್ತಿ ಬೆಳೆದವರ ಕೈಕಾಲಿಗೆ ಒಂದು ಬುದ್ಧಿ ಇರುತ್ತದೆ. ಬಸ್ಸು ನಿಲ್ಲುವ ಮೊದಲೇ ಕಿಟಕಿಯೊಳಗೆ ಕರ್ಚೀಫು ಹಾರಬೇಕು, ಆಮೇಲೆ ಮನುಷ್ಯ ನಿಧಾನಕ್ಕೆ ಹತ್ತಿದರೂ ಸೀಟು ಅವನದೇ. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ವಿಮಾನದವರೆಗೆ ಒಯ್ಯುವ ಬಸ್ಸು ಬಂದದ್ದೇ ತಡ, ಸೂಟು ಹಾಕಿದ ಇಬ್ಬರು ಗಂಡಸರ ಮಧ್ಯದಿಂದ ಇವಳು ಒಳಗೆ ನುಗ್ಗಿದಳು. "ಬನ್ರೇ, ಮೂರು ಸೀಟ್ ಹಿಡ್ದಿದೀನಿ!" ಎಂಬ ಕೂಗು ಬಂತು. ಆ ಬಸ್ಸಿನ ಪ್ರಯಾಣ ಒಟ್ಟು ಎರಡು ನಿಮಿಷ. ವಿಮಾನದ ಒಳಗಾದರೂ ಸುಮ್ಮನಿದ್ದಳೇ? ಮುಂದಿನ ಸಾಲಿನ ಕಿಟಕಿ ಪಕ್ಕದ ಸೀಟಿಗೆ ಕರ್ಚೀಫು ಎಸೆದು, ಅದರ ನಂಬರಿನ ಯಜಮಾನರು ಬಂದು ಚೀಟಿ ತೋರಿಸಿದಾಗ, "ಕರ್ಚೀಫ್ ಕಾಣ್ಲಿಲ್ವಾ ಸಾರ್ ನಿಮ್ಗೆ?" ಎಂದು ಅವರನ್ನೇ ಕೇಳಿದಳು. ಗಗನಸಖಿ ಬಂದು ನ್ಯಾಯ ಹೇಳಬೇಕಾಯಿತು. ಕಡೆಗೆ ಇವಳಿಗೆ ಸಿಕ್ಕಿದ್ದು ನನಗಿಂತ ಹದಿನೈದು ಸಾಲು ಹಿಂದೆ. ಪಕ್ಕದಲ್ಲಿ ಕೂತು ಕೇಳೋಣ ಅಂದುಕೊಂಡಿದ್ದ ನನ್ನ ಪ್ರಶ್ನೆ ಹಾಗೇ ಉಳಿಯಿತು.

ಭಾಷೆಯ ವಿಷಯ ಹೇಳದಿದ್ದರೆ ಈ ಕಥೆ ನಿಮಗೆ ಅರ್ಥವಾಗುವುದಿಲ್ಲ. ನಾನು ಮತ್ತು ಸ್ಮಿತಾ ಅನುವಾದ ಮಾಡುವ ಆ್ಯಪ್ ಹಾಕಿಕೊಂಡು, ಫೋನಿನ ಮುಂದೆ ಒಂದೊಂದೇ ಪದ ಬಿಡಿಸಿ ಮಾತಾಡುತ್ತ ತಲೆ ಕೆಡಿಸಿಕೊಂಡೆವು. ಇವಳು ಐದೂ ದಿನ, ಪ್ರತಿಯೊಬ್ಬರ ಜೊತೆಗೂ, ಕನ್ನಡದಲ್ಲಿಯೇ ಮಾತಾಡಿದಳು! ಪಾಸ್‌ಪೋರ್ಟಿಗೆ ಮುದ್ರೆ ಒತ್ತುವ ಅಧಿಕಾರಿ ಗಂಟುಮುಖ ಹಾಕಿಕೊಂಡು ಇವಳ ಫೋಟೋ ನೋಡಿ, ಮುಖ ನೋಡಿ, ಮತ್ತೆ ಫೋಟೋ ನೋಡಿದ. "ನಾನೇ ಸಾರ್ ಅದು. ಜ್ವರ ಬಂದು ಎದ್ದಿದ್ದೆ ಆಗ. ನಿಮ್ದು ಊಟ ಆಯ್ತಾ?" ಅಂದಳು. ಅವನಿಗೆ ಏನು ತಿಳಿಯಿತೋ, ಎರಡು ಬೆರಳು ಬಾಯಿಯ ಹತ್ತಿರ ಒಯ್ದು ಇನ್ನೂ ಆಗಿಲ್ಲ ಅಂತ ತಲೆಯಾಡಿಸಿ ಮುದ್ರೆ ಒತ್ತಿದ. ನಮ್ಮಿಬ್ಬರನ್ನು ಮಾತ್ರ ಹೋಟೆಲು ಬುಕ್ಕಾದ ಕಾಗದ, ವಾಪಸು ಬರುವ ಟಿಕೆಟು ಎಲ್ಲ ಕೇಳಿ ಬೆವರಿಳಿಸಿದ.

ಹನೋಯ್ ಊರ ನಡುವೆ ಒಂದು ಕೆರೆ ಇದೆ, ಅದರೊಳಗೊಂದು ಗುಡಿ, ಗುಡಿಗೊಂದು ಕೆಂಪು ಸೇತುವೆ. ಬೆಳಿಗ್ಗೆ ಹೊತ್ತಿನಲ್ಲಿ ಆ ದಂಡೆಯ ಕಲ್ಲುಬೆಂಚಿನ ಮೇಲೆ ಕೂತರೆ ಎಂಥವರಿಗೂ ಮನಸ್ಸು ಮೆತ್ತಗಾಗುತ್ತದೆ. ಇದೇ ಸಮಯ ಅಂದುಕೊಂಡು, ಸ್ಮಿತಾ ಫೋಟೋ ತೆಗೆಯಲು ಸೇತುವೆಯ ಕಡೆ ಹೋದಾಗ, ಶುರು ಮಾಡಿದೆ.

"ಮೈಸೂರಿನ ವಿಷ್ಯ ಎಂತ ಮಾಡಿದೆ ನೀನು?"

"ಆ ಅಜ್ಜಿ ನೋಡೇ," ಅಂದಳು, "ಸೊಂಟಕ್ಕೆ ಕೈ ಇಟ್ಕಂಡು ಬಗ್ಗಕ್ಕಾಗದೆ ಒದ್ದಾಡ್ತಾ ಐತೆ."

ಕೆರೆಯ ದಂಡೆಯಲ್ಲಿ ಹತ್ತಿಪ್ಪತ್ತು ಅಜ್ಜಿಯಂದಿರು ಸ್ಪೀಕರಿನ ಹಾಡಿಗೆ ತಕ್ಕಂತೆ ವ್ಯಾಯಾಮ ಮಾಡುತ್ತಿದ್ದರು. ನಾನು ಬಾಯಿ ಮುಚ್ಚುವುದರೊಳಗೆ ಇವಳು ಅವರ ನಡುವೆ ಇದ್ದಳು. "ಹಂಗಲ್ಲ ಅಜ್ಜಿ, ಉಸ್ರು ಬಿಟ್ಕಂಡು ಬಗ್ಗಿ" ಎಂದು ಕಾಫಿ ಹಣ್ಣು ಹೆಕ್ಕುವವರು ಬಗ್ಗುವ ರೀತಿಯನ್ನು ಅವರಿಗೆ ತೋರಿಸಿದಳು. ಒಂದು ಅಜ್ಜಿ ಇವಳ ಕೆನ್ನೆ ಹಿಂಡಿತು. ಇನ್ನೊಂದು ಅಜ್ಜಿ ತನ್ನ ಬೀಸಣಿಗೆ ಕೊಟ್ಟಿತು. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಂತು ಕೈ ಬೀಸುತ್ತಿದ್ದವಳು ಇವಳೇ! ನಾನು ಕಲ್ಲುಬೆಂಚಿನ ಮೇಲೆ ಒಬ್ಬಳೇ ಕೂತು ಆ ಕೆಂಪು ಸೇತುವೆಯನ್ನು ನೋಡಿದೆ.

ಆ ಊರಿನಲ್ಲಿ ಕಾಫಿಗೆ ಮೊಟ್ಟೆ ಹಾಕುತ್ತಾರೆ. ಹೌದು, ಕೋಳಿಮೊಟ್ಟೆಯನ್ನೇ. ಹಳದಿಯನ್ನು ನೊರೆ ಬರುವಂತೆ ಕಡೆದು ಕಾಫಿಯ ಮೇಲೆ ಇಡುತ್ತಾರೆ, ಅದನ್ನು ಕುಡಿಯಲು ದೇಶ ದೇಶದಿಂದ ಜನ ಬರುತ್ತಾರೆ. ಇಂಥ ಜಾಗಕ್ಕೆ ಇವಳನ್ನು ಒಯ್ದದ್ದು ನನ್ನದೇ ತಪ್ಪು. ಮೊಣಕಾಲೆತ್ತರದ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ಒಂದು ಗುಟುಕು ಕುಡಿದು, "ಚೆನ್ನಾಗೈತೆ. ಆದ್ರೆ ಕಾಫಿ ಯಾವಾಗ ಕೊಡ್ತಾರಂತೆ?" ಅಂದಳು. ನಾನು ಎರಡನೇ ಸಲ ಕೇಳಿದೆ, "ಅರ್ಜಿ ಹಾಕಕ್ಕೆ ಇನ್ನು ನಾಲ್ಕೇ ದಿನ ಇರದು ಮಾರಾಯ್ತಿ, ಹೂಂ ಅನ್ನೇ."

ಇವಳು ಎದ್ದು ಸೀದಾ ಒಲೆಯ ಹತ್ತಿರ ಹೋದಳು. ಡಬ್ಬದಿಂದ ಒಂದು ಹುರಿದ ಬೀಜ ತೆಗೆದು ಹಲ್ಲಿನಲ್ಲಿ ಕಟ್ ಎಂದು ಕಡಿದು, ಕಣ್ಣು ಮುಚ್ಚಿ ಜಗಿದು, "ರೋಬಸ್ಟಾ ಬೀಜ. ಹುರಿಯೋವಾಗ ಬೆಣ್ಣೆ ಹಾಕಿದೀರಿ. ಹೌದಾ ಅಲ್ವಾ?" ಎಂದು ಅಂಗಡಿಯಾಕೆಯ ಮುಖಕ್ಕೆ ಬೆರಳು ತೋರಿಸಿದಳು. ಸ್ಮಿತಾ ಓಡಿಹೋಗಿ ಫೋನಿನಲ್ಲಿ ಅನುವಾದ ಮಾಡಿ ತೋರಿಸಿದಳು. ಅಂಗಡಿಯಾಕೆ ಬಾಯಿ ತೆರೆದು ಒಳಗಿನಿಂದ ಗಂಡನನ್ನು ಕರೆದಳು, ಗಂಡ ಬೆಣ್ಣೆಯ ಡಬ್ಬವನ್ನೇ ತಂದು ತೋರಿಸಿದ! ಆಮೇಲೆ ಮೂವರಿಗೂ ಮತ್ತೊಂದು ಸುತ್ತು ಕಾಫಿ ಬಂತು, ಮೊಟ್ಟೆ ಇಲ್ಲದ್ದು. ಗಂಡ ಹೆಂಡತಿ ಇಬ್ಬರನ್ನೂ ಸಂಸೆಗೆ ಕರೆದದ್ದಾಯಿತು, ಕಳಸದಲ್ಲಿ ಇಳಿದು ಜೀಪು ಹತ್ತಬೇಕೆಂದು ದಾರಿ ಹೇಳಿದ್ದೂ ಆಯಿತು. ಆಗದೇ ಉಳಿದದ್ದು ಮೈಸೂರಿನ ಮಾತೊಂದೇ.

ಈಗ ಮೈಸೂರಿನಲ್ಲಿ ನನ್ನ ರೂಮಿನಲ್ಲಿ ಬೇರೊಬ್ಬ ಹುಡುಗಿ ಇದ್ದಾಳೆ. ಬಹಳ ಒಳ್ಳೆಯವಳು. ಆಟೋದವರ ಊಟದ ವಿಚಾರ ಕೇಳುವುದಿಲ್ಲ, ದಾರಿಯಲ್ಲಿ ಹೋಗುವ ಅಜ್ಜಿಯಂದಿರ ಸೊಂಟ ಹಿಡಿಯುವುದಿಲ್ಲ, ಹೋಟೆಲಿನವರ ಡಬ್ಬಕ್ಕೆ ಕೈ ಹಾಕುವುದಿಲ್ಲ. ಅವಳ ಜೊತೆ ಪೇಟೆಗೆ ಹೋದರೆ ಹೋದ ಕೆಲಸ ಮುಗಿಸಿಕೊಂಡು ಹೊತ್ತಿಗೆ ಸರಿಯಾಗಿ ವಾಪಸು ಬರುತ್ತೇವೆ. ಅಷ್ಟು ಬೇಸರದ ಸಂಗತಿ ಬೇರೊಂದಿಲ್ಲ.

ನಾಲ್ಕನೇ ದಿನ ಊರಾಚೆಯ ಒಂದು ಹಳೆಯ ಹಳ್ಳಿ ನೋಡಲು ಹೋದೆವು. ಕೆಂಪು ಕಲ್ಲಿನ ಗೋಡೆಗಳು, ಓಣಿಗಳು, ನೋಡಲು ಚೆಂದವೇ. ಜೂನ್ ತಿಂಗಳು ಅಲ್ಲಿ ಭತ್ತದ ಕೊಯ್ಲು. ಊರಿನ ರಸ್ತೆಯ ತುಂಬ ಭತ್ತ ಹರಡಿ ಒಣಗಲು ಬಿಟ್ಟಿದ್ದರು, ಓಡಾಡುವವರಿಗೆ ಪಕ್ಕದಲ್ಲಿ ಒಂದು ಗೇಣು ಜಾಗ. ಸ್ಮಿತಾ ಆ ಹಳ್ಳಿಯ ಹಳೆಯ ಪಡುವಣ ಹೆಬ್ಬಾಗಿಲು ಹುಡುಕುತ್ತ ಫೋನಿನ ನಕ್ಷೆ ನೋಡುತ್ತಿದ್ದಳು. ಇವಳು ಆಕಾಶ ನೋಡಿದಳು.

"ಬಂತು ಮಾರಾಯ್ತಿ," ಅಂದಳು.

ನಮ್ಮ ಕಡೆ ಜನವರಿಯಲ್ಲಿ ಕಣದ ತುಂಬ ಕಾಫಿ ಹರಡಿರುವಾಗ ಮಳೆ ಹನಿದರೆ ಒಂದು ಪದ್ಧತಿ ಇದೆ. ಅದು ಯಾರ ತೋಟ, ಯಾರ ಕಣ ಎಂದು ಯಾರೂ ಕೇಳುವುದಿಲ್ಲ. ದಾರಿಯಲ್ಲಿ ಹೋಗುತ್ತಿದ್ದವರು, ಮದುವೆ ಕರೆಯಲು ಬಂದವರು, ಜಗಳ ಮಾಡಲು ಬಂದವರೂ ಕೂಡ ಪಂಚೆ ಎತ್ತಿ ಕಟ್ಟಿ ಕಾಫಿ ರಾಶಿ ಮಾಡಿ ಟಾರ್ಪಾಲು ಹೊದಿಸಿದ ಮೇಲೆಯೇ ತಮ್ಮ ಮಾತು. ಕಣದ ಕಾಫಿ ನೆನೆದರೆ ಒಂದು ವರ್ಷದ ದುಡಿಮೆ ಹಾಳು ಎಂದು ನಮ್ಮ ಕಡೆಯ ಮಕ್ಕಳಿಗೂ ಗೊತ್ತು. ಹಾಗಾಗಿ ಇವಳು ಓಡಿದಾಗ ನಾನೂ ಸ್ಮಿತಾಳೂ ಯಾಕೆ ಎತ್ತ ಎಂದು ಯೋಚಿಸಲಿಲ್ಲ, ಹಿಂದೆಯೇ ಓಡಿದೆವು. ಗೋಡೆಗೆ ಒರಗಿಸಿದ್ದ ಮರದ ಹಲಗೆಗಳನ್ನು ಹಿಡಿದು ಭತ್ತ ತಳ್ಳತೊಡಗಿದೆವು. ಒಳಗಿನಿಂದ, ನಮ್ಮವರು ಮಳೆಗೆ ಹೊದೆಯುವ ಗೊರಬಿನಂಥ ಟೋಪಿ ಹಾಕಿದ ಇಬ್ಬರು ಹೆಂಗಸರು ಕೂಗುತ್ತ ಬಂದು ನಮ್ಮನ್ನು ಕಂಡು ಒಂದು ಕ್ಷಣ ದಂಗಾಗಿ, ಆಮೇಲೆ ತಾವೂ ಟಾರ್ಪಾಲು ಎಳೆದು ತಂದರು. "ಅತ್ಲಾಗಿಂದ ತಳ್ಳಿ ಅಕ್ಕಾ! ಬೇಗ ಬೇಗ!" ಎಂದು ಇವಳು ವಿಯೆಟ್ನಾಮಿನ ಹೆಂಗಸರಿಗೆ ಮೇಸ್ತ್ರಿಕೆ ಮಾಡಿದಳು. ದಾರಿಗೆ ಅಡ್ಡ ಬಂದ ನಾಲ್ಕಾರು ಇಟ್ಟಿಗೆಗಳನ್ನು ಕಾಲಿನಿಂದಲೇ ಪಕ್ಕಕ್ಕೆ ಒದ್ದಳು. ಮಳೆ ಜೋರಾಗುವ ಹೊತ್ತಿಗೆ ಭತ್ತವೆಲ್ಲ ಒಂದೇ ರಾಶಿಯಾಗಿ ಟಾರ್ಪಾಲಿನ ಅಡಿಯಲ್ಲಿ ಬೆಚ್ಚಗಿತ್ತು. ನಾವು ಐದೂ ಜನ ಜಗಲಿಗೆ ಬಂದು ನಿಂತೆವು.

ಆ ಹೆಂಗಸರಿಬ್ಬರೂ ರಾಶಿಯನ್ನು ನೋಡಿದರು. ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ದೂರದಲ್ಲಿ ಬಿದ್ದಿದ್ದ ಇಟ್ಟಿಗೆಗಳನ್ನು ನೋಡಿದರು. ಆಗ ನನಗೆ ಹೊಳೆಯಿತು. ಆ ಇಟ್ಟಿಗೆಗಳು ಗಡಿ! ಅವುಗಳ ಈಚೆ ಒಂದು ಮನೆಯ ಭತ್ತ, ಆಚೆ ಇನ್ನೊಂದು ಮನೆಯದು. ಇವಳು ಎರಡು ಸಂಸಾರದ ಬೆಳೆಯನ್ನು ಒಂದು ಮಾಡಿಟ್ಟಿದ್ದಳು. ತಪ್ಪು ಅವಳದಲ್ಲ. ಎಸ್ಟೇಟಿನ ಕಣ ಎಷ್ಟೇ ದೊಡ್ಡದಿರಲಿ, ಅಲ್ಲಿರುವುದೆಲ್ಲ ಒಬ್ಬರದೇ. ಕಣದ ನಡುವೆ ಗಡಿ ಇರುತ್ತದೆ ಎಂದು ಅವಳಿಗೆ ಹೇಗೆ ಗೊತ್ತಾಗಬೇಕು?

"ಅಯ್ಯೋ ದೇವ್ರೇ, ತಪ್ಪಾಯ್ತಮ್ಮ," ಎಂದು ಅವಳು ಕೈಮುಗಿದಳು. ಕಣ್ಣಲ್ಲಿ ನೀರೇ ಬಂದಿತ್ತು. ಆ ಇಬ್ಬರಲ್ಲಿ ದೊಡ್ಡಾಕೆ ಮೊದಲು ನಕ್ಕಳು. ಆಮೇಲೆ ಇನ್ನೊಬ್ಬಾಕೆ, ಆಮೇಲೆ ಇಬ್ಬರೂ ಗೋಡೆ ಹಿಡಿದುಕೊಂಡು ನಕ್ಕರು. ಬುಟ್ಟಿ ತೋರಿಸಿ, ಒಂದು ನಿನಗೆ, ಒಂದು ನನಗೆ ಎಂದು ಹಂಚಿಕೊಳ್ಳುವ ಅಭಿನಯ ಮಾಡಿದರು. ಇವಳ ತಲೆಯನ್ನು ತಮ್ಮ ಬಟ್ಟೆಯಲ್ಲಿ ಒರೆಸಿ, ಚಹಾ ಮಾಡಲು ಒಳಗೆ ಹೋದರು. ಸ್ಮಿತಾ ನೆನೆದ ಫೋನನ್ನು ಒಣಗಿಸಿಕೊಳ್ಳಲು ಅವರ ಒಲೆಯ ಹತ್ತಿರ ಹೋದಳು.

ಜಗಲಿಯಲ್ಲಿ ನಾನು ಮತ್ತು ಅವಳು ಇಬ್ಬರೇ ಉಳಿದೆವು. ಹೊರಗೆ ಮಳೆ. ಮಾತಾಡಿಸೋಣವೆಂದರೆ ಬೀದಿಯಲ್ಲಿ ಒಂದು ನಾಯಿಯೂ ಇಲ್ಲ. ಅವಳು ಅತ್ತ ನೋಡಿದಳು, ಇತ್ತ ನೋಡಿದಳು, ಕಡೆಗೆ ನನ್ನನ್ನು ನೋಡಿದಳು.

"ನಾನು ಬರಲ್ಲ ಕಣೇ," ಅಂದಳು. "ನಿನ್ ಹತ್ರ ಇಲ್ಲ ಅನ್ನಕ್ಕೆ ನಂಗೆ ಬಾಯಿ ಬರ್ಲಿಲ್ಲ. ನಾವಿಬ್ರೇ ಇದ್ರೆ ನೀನು ಕೇಳ್ತಿಯ ಅಂತ ಗೊತ್ತು. ಅದಕ್ಕೇ ಸಿಕ್ಕಿದವ್ರ ಹತ್ರ ಎಲ್ಲ ಮಾತಾಡ್ಕಂಡು ತಿರುಗಿದೆ."

ನಾನು ನಾಲ್ಕು ದಿನ ನಕ್ಕಿದ್ದೆನಲ್ಲ, ಆ ಅಜ್ಜಿಯಂದಿರು, ಆ ಕಾಫಿ ಅಂಗಡಿಯವರು, ಅವರೆಲ್ಲ ನನ್ನ ಮತ್ತು ಅವಳ ನಡುವೆ ಅವಳೇ ತಂದು ನಿಲ್ಲಿಸಿಕೊಂಡವರು. ನನಗೆ ಸಿಟ್ಟು ಬಂತು. ಯಾಕೆ ಬರುವುದಿಲ್ಲ ಎಂದು ಕೇಳಿದೆ.

"ಸಾವ್ಕಾರ್ರು ತೋಟದಲ್ಲೇ ಹಾಜರಿ ಬರೆಯೋ ರೈಟರ್ ಕೆಲ್ಸಕ್ಕೆ ಬಾ ಅಂದಿದಾರೆ. ನಾನೂ ಹೂಂ ಅಂದೆ. ಬೆಳಿಗ್ಗೆ ಹಾಜರಿ ಕೂಗೋವಾಗ ಅಮ್ಮ ಸಾಲಲ್ಲಿ ನಿಂತಿರ್ತಾಳೆ. ನಾ ಹುಟ್ಟಿದಾಗಿಂದ ಅವಳ ಹೆಸ್ರನ್ನ ಯಾರ್ಯಾರೋ ಕೂಗಿದ್ರು, ಒಬ್ರೂ ನೆಟ್ಟಗೆ ಕೂಗ್ಲಿಲ್ಲ. ಇನ್ ಮೇಲೆ ನಾನು ಕೂಗ್ತೀನಿ. ನಂಗೆ ಅದೇ ಬೇಕು ಮಾರಾಯ್ತಿ."

ಅವಳಿಗೆ ಏನು ಬೇಕು ಎಂದು ಮೂರು ವರ್ಷದಲ್ಲಿ ನಾನು ಒಮ್ಮೆಯೂ ಕೇಳಿರಲಿಲ್ಲ. ಸಿಟ್ಟು ಮಾಡುವ ಹಕ್ಕೂ ಉಳಿಯಲಿಲ್ಲ. ಆದರೂ ಮಾಡಿದೆ. "ಹಂಗಾದ್ರೆ ನಾನೂ ಹೋಗಲ್ಲ, ಅಪ್ಪನ ಹೋಟ್ಲಲ್ಲಿ ದೋಸೆ ಹುಯ್ಕಂಡು ಇರ್ತೀನಿ" ಎಂದು ಹೇಳಿ ಬಾಯಿ ಹೊಲಿದುಕೊಂಡೆ. ಊರು ಮುಟ್ಟುವವರೆಗೂ ಬಿಚ್ಚಲಿಲ್ಲ.

ಮೂಡಿಗೆರೆಯಲ್ಲಿ ಸ್ಮಿತಾ ಇಳಿದುಕೊಂಡಳು. ನಾವಿಬ್ಬರೂ ಕಳಸದ ಬಸ್ಸು ಹತ್ತಿದೆವು. ಕಂಡಕ್ಟರ್ ಬಂದಾಗ, ಕೊಟ್ಟಿಗೆಹಾರಕ್ಕೆ ಒಂದು ಎಂದು ನಾನು ಹೇಳುವ ಮೊದಲೇ ಅವಳು "ಕಳಸ ಎರಡು" ಅಂದಳು. ನಾನು ತೆಗೆದಿದ್ದ ದುಡ್ಡನ್ನು ಮತ್ತೆ ಪರ್ಸಿಗೆ ಹಾಕಿಕೊಂಡೆ. ಕೊಟ್ಟಿಗೆಹಾರದಲ್ಲಿ ಬಸ್ಸು ಚಹಾಕ್ಕೆ ನಿಂತಿತು. ಹೋಟೆಲಿನ ಬಾಗಿಲಲ್ಲಿ ಮಗಳನ್ನು ಇಳಿಸಿಕೊಳ್ಳಲು ಅಪ್ಪ ಕೈ ಒರೆಸಿಕೊಂಡು ನಿಂತಿದ್ದರು. "ನಾಳೆ ಬರ್ತೀನಪ್ಪ" ಎಂದು ಕಿಟಕಿಯಿಂದಲೇ ಕೂಗಿದೆ. ಫಾರಿನ್ನಿನಿಂದ ಬಂದ ಮಗಳು ಮನೆಯ ಮುಂದೆಯೇ ಹಾದು ಹೋದದ್ದನ್ನು ಅಪ್ಪ ಇವತ್ತಿಗೂ ಗಿರಾಕಿಗಳಿಗೆ ಹೇಳಿಕೊಂಡು ನಗುತ್ತಾರೆ. ಅಲ್ಲಿಂದ ಕಳಸದವರೆಗೆ ಅವಳು ಕಂಡಕ್ಟರನನ್ನು ಮಾತಾಡಿಸಲಿಲ್ಲ, ಮುಂದಿನ ಸೀಟಿನ ಮಗುವನ್ನೂ ಮಾತಾಡಿಸಲಿಲ್ಲ. ನನ್ನ ಪಕ್ಕದಲ್ಲಿ ಸುಮ್ಮನೆ ಕೂತಿದ್ದಳು.

ಮಾರನೇ ಬೆಳಿಗ್ಗೆ ಅವಳ ಅಮ್ಮ ನನಗೆ ಕಡುಬು, ಎಳೆಬಿದಿರಿನ ಕಳಲೆ ಪಲ್ಯ ಬಡಿಸಿ ಕೆಲಸಕ್ಕೆ ಹೋದರು. ಇವಳು ನನ್ನನ್ನು ಪಂಪ್‌ಹೌಸಿನ ಹಿಂದಿನ ಬಂಡೆಯ ಮೇಲೆ ಹತ್ತಿಸಿದಳು. ಫೋನಿಗೆ ಸಿಗ್ನಲ್ ಸಿಗುವುದು ಅಲ್ಲಿ ಮಾತ್ರ. ನನ್ನ ಫೋನು ಕಿತ್ತುಕೊಂಡು ಎಂ.ಎಸ್ಸಿ. ಅರ್ಜಿ ತೆರೆದಳು.

"ನಾನು ಹೋಗಲ್ಲ ಅಂದ್ನಲ್ಲ."

"ಸುಮ್ನೆ ಕೂರೇ. ಆಧಾರ್ ನಂಬರ್ ಹೇಳು."

ಹೇಳಿದೆ. ಅವಳು ಕೇಳಿದ್ದಕ್ಕೆಲ್ಲ ಹೇಳುತ್ತ ಹೋದೆ. ಅರ್ಜಿಯ ಕಡೆಯಲ್ಲಿ ಹಾಸ್ಟೆಲಿನ ವಿವರ. ತುರ್ತು ಸಂದರ್ಭದಲ್ಲಿ ತಿಳಿಸಬೇಕಾದ ಇಬ್ಬರ ಹೆಸರು ಬೇಕಿತ್ತು. ಮೊದಲನೆಯದು ಅಪ್ಪನದು. ಎರಡನೆಯದಕ್ಕೆ ಅವಳು ನನ್ನನ್ನು ಕೇಳಲೇ ಇಲ್ಲ. ತನ್ನ ಹೆಸರು ಬರೆದಳು. ಎಸ್ಟೇಟ್ ಆಫೀಸಿನ ಫೋನ್ ನಂಬರ್ ಹಾಕಿದಳು, ಸೋಮವಾರದಿಂದ ಅವಳು ಕೂರುವ ಮೇಜಿನ ಮೇಲಿನದು. ಸಂಬಂಧ ಏನು ಎಂದು ಕೇಳಿದ ಜಾಗದಲ್ಲಿ "ಅಕ್ಕ" ಎಂದು ತುಂಬಿದಳು.

"ಏ, ನೀನು ನನಗಿಂತ ನಾಲ್ಕು ತಿಂಗಳು ಚಿಕ್ಕವಳು!"

"ತಂಗಿ ಅಂತ ಹಾಕಿದ್ರೆ ಹಾಸ್ಟೆಲಿನವ್ರು ಫೋನ್ ಮಾಡ್ತಾರೇನೇ?" ಅಂದಳು. ಫೋನನ್ನು ತಲೆಯ ಮೇಲೆತ್ತಿ ಹಿಡಿದು ಬಟನ್ ಒತ್ತಿದಳು. ಅರ್ಜಿ ಹೋಯಿತು.

ನಾನು ಮೈಸೂರಿಗೆ ಬಂದು ಎರಡು ವರ್ಷವಾಗುತ್ತ ಬಂತು. ಒಂದು ದಿನವೂ ತುರ್ತು ಸಂದರ್ಭ ಬಂದಿಲ್ಲ. ಜ್ವರ ಬಂದರೂ ಒಂದು ಮಾತ್ರೆಗೆ ಬಿಟ್ಟು ಹೋಗುತ್ತದೆ. ಆದರೆ ಕೆಲವು ಸಂಜೆ, ಏನೂ ಆಗಿಲ್ಲದ ಸಂಜೆ, ವಾರ್ಡನ್ ಕೋಣೆಯ ಬಾಗಿಲಿಗೆ ಹೋಗಿ ನಿಂತು ಹೇಳಿಬಿಡಬೇಕು ಅನ್ನಿಸುತ್ತದೆ: ಮೇಡಂ, ನಮ್ಮಕ್ಕನಿಗೊಂದು ಫೋನ್ ಮಾಡಿ. ಬಂದು ಕರೆದುಕೊಂಡು ಹೋಗಲಿ.